ಹಿತ್ತಲಿನ ಇಣಚಿ ಮತ್ತು ನಾಲ್ಕು ದಾನಗಳು

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳ ಹೆಸರನ್ನು ಕೇಳದೆ ಬೆಳೆದ ಮಗು ಜೈನ ಮನೆಗಳಲ್ಲಿ ಇರಲಾರದು. ಪರ್ವದ ದಿನಗಳಲ್ಲಿ ಪ್ರವಚನಕಾರರು ಇವನ್ನು ವಿವರಿಸುತ್ತಾರೆ, ನಾವು ತಲೆದೂಗುತ್ತೇವೆ. ಮುನಿಸಂಘಕ್ಕೆ ಆಹಾರ, ರೋಗಿಗೆ ಔಷಧ, ವಿದ್ಯಾರ್ಥಿಗೆ ಪುಸ್ತಕ, ಅಂಜಿ ಬಂದವನಿಗೆ ಆಶ್ರಯ ಎಂದು ಪಾತ್ರವನ್ನರಿತು ದಾನ ಮಾಡುವುದು ನಮಗೆ ರೂಢಿಯಾಗಿದೆ. ಆದರೆ ಮಾತು ಬಾರದ, ಅಂಗೈಯಲ್ಲಿ ಅಡಗುವಷ್ಟು ಸಣ್ಣದಾದ, ನಮ್ಮನ್ನೇ ಶತ್ರುವೆಂದು ಬಗೆಯುವ ಒಂದು ಜೀವವು ನಮ್ಮ ಹಿತ್ತಲಿನಲ್ಲಿ ಗಾಯಗೊಂಡು ಬಿದ್ದಾಗ ಈ ನಾಲ್ಕರಲ್ಲಿ ಯಾವುದನ್ನು ಮೊದಲು ಕೊಡಬೇಕು? ಈ ಪ್ರಶ್ನೆ ನನಗೆ ಗ್ರಂಥದಿಂದ ಬಂದದ್ದಲ್ಲ. ಒಂದು ವರ್ಷದ ಅಂತರದಲ್ಲಿ ನಮ್ಮ ಮನೆಗೆ ಬಂದ ಎರಡು ಅಳಿಲುಗಳು ಇದನ್ನು ನನ್ನ ಮುಂದಿಟ್ಟವು. ಮೊದಲನೆಯದಕ್ಕೆ ನಾನು ಕೊಟ್ಟ ಉತ್ತರ ತಪ್ಪಾಗಿತ್ತು.

ಅಳಿಲು ಎಂಬುದು ಪುಸ್ತಕದ ಮಾತು. ಗುರುಮಠಕಲ್ಲಿನ ನಮ್ಮ ಓಣಿಗಳಲ್ಲಿ ಅದು ಇಣಚಿ. ಮುಂದೆ ಧಾನ್ಯದ ಅಂಗಡಿ, ನಡುವೆ ಮನೆ, ಹಿಂದೆ ಹಿತ್ತಲು, ಹಿತ್ತಲಿನ ಅಂಚಿಗೆ ಶೇಂಗಾ ಮತ್ತು ತೊಗರಿ ತುಂಬಿಡುವ ಒಂದು ಕೋಣೆ. ನಮ್ಮ ವಾಸ ಇಷ್ಟು. ಹಿತ್ತಲಿನಲ್ಲಿ ಒಂದು ಬೇವು, ಒಂದು ಹುಣಸೆ, ಗೋಡೆಯ ಬದಿಗೆ ಎರಡು ಸೀತಾಫಲದ ಗಿಡಗಳು. ಇವೆಲ್ಲ ಕಾಗದಪತ್ರದಲ್ಲಿ ನಮ್ಮ ಹೆಸರಿನಲ್ಲಿವೆ. ಆದರೆ ಮುಂಜಾನೆಯಿಂದ ಸಂಜೆಯವರೆಗೆ ಅಲ್ಲಿ ಓಡಾಡುವುದು ಇಣಚಿಗಳೇ.

ಒಂದು ವೈಶಾಖದ ಸಂಜೆ ಬಿರುಗಾಳಿಯೊಡನೆ ಮಳೆ ಬಂತು. ಬೇವಿನ ಕೊಂಬೆಯೊಂದು ಮುರಿದು, ನಾರು ಮತ್ತು ಹತ್ತಿಯಿಂದ ಕಟ್ಟಿದ ಗೂಡು ಶಹಾಬಾದಿ ಫರಸಿಯ ಮೇಲೆ ಬಿತ್ತು. “ಮುತ್ಯಾ, ಇಣಚಿ ಮರಿ ಬಿದ್ದದ, ಲಗೂ ಬಾ” ಎಂದು ಮೊಮ್ಮಗಳು ಕೂಗಿದಳು. ಇನ್ನೂ ಕಣ್ಣು ತೆರೆಯದ, ಮೈಯಲ್ಲಿ ರೋಮ ಮೂಡದ ಒಂದು ಮರಿ. ಮುಟ್ಟಿದರೆ ತಣ್ಣಗಿತ್ತು. ಮನೆಯವರೆಲ್ಲ ಸುತ್ತುವರಿದೆವು. ಮರಿ ಕೈಯಿಂದ ಕೈಗೆ ಹೋಯಿತು. ಆಕಳ ಹಾಲನ್ನು ಬೆಚ್ಚಗೆ ಮಾಡಿ, ಮರಿಯನ್ನು ಅಂಗಾತ ಮಲಗಿಸಿಕೊಂಡು ಡ್ರಾಪರಿನಿಂದ ಬಾಯಿಗೆ ಬಿಟ್ಟೆವು. ಸ್ವಲ್ಪ ಹಾಲು ಮೂಗಿನಿಂದ ಹೊರಬಂತು. ಕುಡಿಯುತ್ತಿದೆ ಎಂದು ಸಂತೋಷಪಟ್ಟೆವು. ಹೊರಗೆ ಗೋಡೆಯ ಮೇಲೆ ಒಂದು ದೊಡ್ಡ ಇಣಚಿ ಕತ್ತಲಾಗುವವರೆಗೆ ಬಿಡದೆ ಕೂಗುತ್ತಿತ್ತು. ಅದು ಅಳುತ್ತಿದೆ ಎಂದು ನನ್ನ ಹೆಂಡತಿ ಕಣ್ಣೊರೆಸಿಕೊಂಡಳು. ಮೂರನೆಯ ದಿನ ಬೆಳಿಗ್ಗೆ ಮರಿ ಸತ್ತಿತ್ತು.

ಕೆಲವು ದಿನಗಳ ನಂತರ ಬೇರೊಂದು ಕೆಲಸಕ್ಕೆ ಭೇಟಿಯಾದ ಪಶುವೈದ್ಯರೊಬ್ಬರಿಗೆ ಈ ಸಂಗತಿ ಹೇಳಿದೆ. ಅವರು ನನ್ನನ್ನು ದೂರಲಿಲ್ಲ. ಆದರೆ ಅವರು ಹೇಳಿದ ಒಂದೊಂದು ಮಾತೂ ನನಗೆ ನಾಟಿತು. ಮೈ ತಣ್ಣಗಾದ ಮರಿಗೆ ಆಹಾರ ಜೀರ್ಣವಾಗದು. ಮೊದಲು ಬೇಕಾದದ್ದು ಶಾಖ. ಆಕಳ ಹಾಲು ಅಳಿಲಿನ ಮರಿಗೆ ಒಗ್ಗುವುದಿಲ್ಲ. ಭೇದಿಯಾಗಿ ಮೈಯ ನೀರು ಬತ್ತುತ್ತದೆ. ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ; ಮೂಗಿನಿಂದ ಹಾಲು ಬಂದದ್ದು ಅದರ ಗುರುತು. ಎಲ್ಲಕ್ಕಿಂತ ಮಿಗಿಲಾಗಿ, ಗೋಡೆಯ ಮೇಲೆ ಕೂಗುತ್ತಿದ್ದ ತಾಯಿ ತನ್ನ ಮರಿಯನ್ನು ಒಯ್ಯಲು ಬಂದಿತ್ತು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆ ಎಂಬುದು ತಪ್ಪು ನಂಬಿಕೆ. ಮರಿಯನ್ನು ಬೆಚ್ಚಗೆ ಮಾಡಿ, ತೆರೆದ ಪುಟ್ಟ ಡಬ್ಬಿಯಲ್ಲಿ ಮರದ ಬುಡದಲ್ಲಿಟ್ಟು, ಬೆಕ್ಕು ಬಾರದಂತೆ ದೂರದಿಂದ ಕಾಯುತ್ತ ಕುಳಿತಿದ್ದರೆ ತಾಯಿ ಅದನ್ನು ಬಾಯಲ್ಲಿ ಕಚ್ಚಿಕೊಂಡು ಹೋಗುವ ಸಂಭವ ಬಹಳವಿತ್ತು.

ಈ ಮಾತು ಕೇಳಿ ಮನೆಗೆ ಬಂದ ರಾತ್ರಿ ನಾನು ಪ್ರತಿಕ್ರಮಣಕ್ಕೆ ಕುಳಿತಾಗ ಮನಸ್ಸು ನಿಲ್ಲಲಿಲ್ಲ. ನಮ್ಮ ಭಾವನೆ ಶುದ್ಧವಾಗಿತ್ತಲ್ಲ, ಮತ್ತೆ ಪಾಪವೆಲ್ಲಿಯದು ಎಂದು ಸಮಾಧಾನ ಹೇಳಿಕೊಳ್ಳಬಹುದಿತ್ತು. 1209ರಲ್ಲಿ ಜನ್ನನು ಬರೆದ ಯಶೋಧರ ಚರಿತೆಯನ್ನು ನಮ್ಮಲ್ಲಿ ಅನೇಕರು ಬಲ್ಲರು. ಅಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಆದರೂ ಕೊಲ್ಲುವ ಸಂಕಲ್ಪವಿದ್ದುದರಿಂದ ಭವಭವಾಂತರದ ದುಃಖ ಬಂತು. ಸಂಕಲ್ಪವೇ ಪ್ರಧಾನವಾದರೆ, ಕರುಣೆಯ ಸಂಕಲ್ಪದಿಂದ ಮಾಡಿದ ನಮ್ಮ ಕೆಲಸ ನಿರ್ದೋಷವಲ್ಲವೆ? ತತ್ತ್ವಾರ್ಥಸೂತ್ರಕಾರರು ಹಿಂಸೆಯನ್ನು ವಿವರಿಸುವಾಗ ಪ್ರಮಾದವನ್ನು ಮುಂದಿಟ್ಟಿದ್ದಾರೆ ಎಂಬುದು ಆಗ ನೆನಪಿಗೆ ಬಂತು. ಈರ್ಯಾಸಮಿತಿಯಿಂದ ನೆಲ ನೋಡಿ ನಡೆಯುವ ಮುನಿಯ ಪಾದದಡಿ ಆಕಸ್ಮಿಕವಾಗಿ ಕ್ರಿಮಿಯೊಂದು ಸತ್ತರೆ ಅವರಿಗೆ ದೋಷವಿಲ್ಲ. ನೋಡದೆ ನಡೆದವನಿಗೆ, ಏನೂ ಸಾಯದಿದ್ದರೂ ದೋಷವುಂಟು. ವ್ಯತ್ಯಾಸವಿರುವುದು ಯತ್ನಾಚಾರದಲ್ಲಿ. ನಮ್ಮಲ್ಲಿ ಪ್ರೀತಿಯಿತ್ತು, ಯತ್ನವಿರಲಿಲ್ಲ. ತಿಳಿದವರನ್ನು ಒಂದು ಮಾತು ಕೇಳುವ ತಾಳ್ಮೆ ನಮಗಿರಲಿಲ್ಲ. ಕರುಣೆಯ ಆತುರವೂ ಪ್ರಮಾದದ ಒಂದು ರೂಪ ಎಂದು ಅಂದು ತಿಳಿಯಿತು.

ಮರುವರ್ಷ ಎರಡನೆಯ ಇಣಚಿ ಬಂತು. ಅದರ ಕಥೆ ಇನ್ನೂ ಕಠಿಣ, ಏಕೆಂದರೆ ಅದನ್ನು ಕೆಡವಿದ್ದು ಗಾಳಿಯಲ್ಲ, ನಾವು. ಶೇಂಗಾ ಚೀಲಗಳಿಗೆ ಇಲಿಗಳ ಕಾಟ ಹೆಚ್ಚಾಗಿತ್ತು. ವಿಷವಿಡುವುದು ನಮ್ಮ ಮನೆಯಲ್ಲಿ ನಿಷಿದ್ಧ. ಪೇಟೆಯಲ್ಲಿ ಇಲಿ ಹಿಡಿಯುವ ಅಂಟಿನ ಹಲಗೆ ಸಿಗುತ್ತದೆ, ಅದು ಕೊಲ್ಲುವುದಿಲ್ಲ, ಹಿಡಿದು ದೂರ ಬಿಟ್ಟುಬರಬಹುದು ಎಂದು ಯಾರೋ ಹೇಳಿದರು. ನಾನು ಒಪ್ಪಿದೆ, ಆಳು ತಂದಿಟ್ಟ. ಮರುದಿನ ಬಾಗಿಲು ತೆರೆದಾಗ ಹಲಗೆಯ ಮೇಲೆ ಇಲಿ ಇರಲಿಲ್ಲ. ಹೊಟ್ಟೆ, ಬಾಲ, ಒಂದು ಹಿಂಗಾಲು ಅಂಟಿಕೊಂಡ ಇಣಚಿ ಇತ್ತು. ಬಿಡಿಸಿಕೊಳ್ಳಲು ಎಳೆದಾಡಿ ಕಾಲಿನ ಚರ್ಮ ಕಿತ್ತಿತ್ತು. ಅದರ ಎದೆ ಎಣಿಸಲಾಗದಷ್ಟು ವೇಗವಾಗಿ ಬಡಿದುಕೊಳ್ಳುತ್ತಿತ್ತು. ಕೃತ, ಕಾರಿತ, ಅನುಮೋದಿತ ಎಂಬ ಮೂರು ದ್ವಾರಗಳನ್ನು ನಾವು ಬಾಯಿಪಾಠವಾಗಿ ಹೇಳುತ್ತೇವೆ. ಆಳು ಮಾಡಿದ, ನಾನು ಮಾಡಿಸಿದೆ, ಮನೆಯವರು ಒಪ್ಪಿದರು. ಮೂರೂ ದ್ವಾರಗಳು ಆ ಒಂದು ಹಲಗೆಯ ಮೇಲೆ ತೆರೆದಿದ್ದವು.

ಈ ಸಲ ನಾನು ಮೊದಲು ಮಾಡಿದ್ದು ಪಶುವೈದ್ಯರಿಗೆ ಫೋನು. ಎಳೆಯಬೇಡಿ ಎಂದರು. ಅಂಟಿನ ಉಳಿದ ಭಾಗದ ಮೇಲೆ ಕಾಗದ ಹಾಸಿ, ಪ್ರಾಣಿಯ ಕಣ್ಣಿಗೆ ತೆಳುವಾದ ಬಟ್ಟೆ ಮುಚ್ಚಿ, ಅಂಟಿದ ಕಡೆಗಳಲ್ಲಿ ಅಡುಗೆ ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟು ಬೆರಳಿನಿಂದ ಮೆಲ್ಲಗೆ ಸಡಿಲಿಸಲು ಹೇಳಿದರು. ಶೇಂಗಾದ ಆಸೆಗೆ ಸಿಕ್ಕಿಬಿದ್ದ ಪ್ರಾಣಿಯನ್ನು ಶೇಂಗಾ ಎಣ್ಣೆಯಿಂದಲೇ ಬಿಡಿಸಿದೆವು. ಆಮೇಲೆ ಬೆಚ್ಚನೆಯ ನೀರಿನಿಂದ ಎಣ್ಣೆ ತೊಳೆದು, ಮೈ ಆರಿಸಿ, ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಧೋತರದ ತುಂಡಿನ ಮೇಲಿಟ್ಟೆವು. ಬಿಸಿನೀರು ತುಂಬಿದ ಸೀಸೆಗೆ ಬಟ್ಟೆ ಸುತ್ತಿ ಪೆಟ್ಟಿಗೆಯ ಒಂದು ಬದಿಗೆ ಮಾತ್ರ ಇಟ್ಟದ್ದರಿಂದ ಅದು ಬೇಕೆಂದಾಗ ಶಾಖದ ಹತ್ತಿರ ಬರಬಹುದು, ಬೇಡವೆಂದಾಗ ಸರಿಯಬಹುದು. ಪೆಟ್ಟಿಗೆಯನ್ನು ಕತ್ತಲೆಯ, ಸದ್ದಿಲ್ಲದ ಕೋಣೆಯಲ್ಲಿಟ್ಟು ಬಾಗಿಲು ಮುಚ್ಚಿದೆವು. “ನಾ ಒಂದ್ಸಲ ನೋಡ್ತೀನಿ ಮುತ್ಯಾ” ಎಂದು ಮೊಮ್ಮಗಳು ಅಂಗಲಾಚಿದಳು. ಬೇಡವೆಂದೆ.

ಆ ಮುಚ್ಚಿದ ಬಾಗಿಲಿನ ಹೊರಗೆ ಕುಳಿತಾಗ ನಾಲ್ಕು ದಾನಗಳ ಕ್ರಮ ನನಗೆ ಬೇರೆಯಾಗಿ ಕಂಡಿತು. ನಾವು ಆಹಾರದಿಂದ ಆರಂಭಿಸುತ್ತೇವೆ, ಏಕೆಂದರೆ ಉಣಿಸುವುದರಲ್ಲಿ ನಮಗೆ ಸುಖವಿದೆ. ಆದರೆ ಕಾಡುಜೀವಿಗೆ ಮನುಷ್ಯನ ಕೈ ಎಂದರೆ ಹಿಡಿಯುವ ಕೈ, ಮನುಷ್ಯನ ಮುಖವೆಂದರೆ ತಿನ್ನಲು ಬಂದ ಮುಖ. ನಮ್ಮ ಮುದ್ದಾಟವನ್ನು ಅದು ಮುದ್ದೆಂದು ತಿಳಿಯದು. ಭಯದಿಂದಲೇ ಅದರ ಪ್ರಾಣ ಹೋಗಬಹುದು. ಆದ್ದರಿಂದ ಅದಕ್ಕೆ ಮೊದಲು ಸಲ್ಲಬೇಕಾದದ್ದು ಅಭಯದಾನ: ಕತ್ತಲೆ, ಮೌನ, ಶಾಖ, ನಮ್ಮ ಕಣ್ಮರೆ. ಎರಡನೆಯದು ಶಾಸ್ತ್ರದಾನ, ಅಂದರೆ ಅರಿವು. ಇಲ್ಲಿ ಪಡೆಯುವವರು ನಾವು. ತಿಳಿದವರಿಂದ ಕೇಳಿ ಪಡೆದು ಇನ್ನೊಬ್ಬರಿಗೆ ಕೊಡಬೇಕು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ನಾಡು ನಮ್ಮದು. ಒಂದು ಪ್ರಾಣಿಯನ್ನು ಉಳಿಸುವ ನಾಲ್ಕು ಮಾತುಗಳನ್ನು ಹಂಚುವುದು ಕಷ್ಟವಲ್ಲ. ಮೂರನೆಯದು ಔಷಧ. ಅದು ಬಲ್ಲವರ ಕೈಯಿಂದಲೇ ಆಗಬೇಕು. ಮುಖ್ಯವಾಗಿ ಬೆಕ್ಕು ಕಚ್ಚಿದ ಗಾಯ ಸೂಜಿಮೊನೆಯಷ್ಟಿದ್ದರೂ ಒಳಗೆ ನಂಜೇರುವುದರಿಂದ ಮನೆಮದ್ದು ಸಾಲದು. ಆಹಾರ ನಾಲ್ಕನೆಯದು. ಮೈ ಬೆಚ್ಚಗಾಗಿ, ಪ್ರಜ್ಞೆ ಮರಳಿದ ಮೇಲೆಯೇ ಅದರ ಸರದಿ.

ಆಹಾರದ ವಿಷಯದಲ್ಲಿ ನನ್ನ ಹೆಂಡತಿಗೆ ಹಿಂದಿನ ವರ್ಷವೇ ಒಂದು ಸಂದೇಹ ಬಂದಿತ್ತು. ಎಳೆಯ ಮರಿಗೆ ರಾತ್ರಿಯೂ ಕೆಲವು ಗಂಟೆಗಳಿಗೊಮ್ಮೆ ಉಣಿಸಬೇಕಾಗುತ್ತದೆ. ಅಂದು ಚತುರ್ದಶಿ; ಆಕೆಗೆ ಉಪವಾಸ, ರಾತ್ರಿಭೋಜನ ತ್ಯಾಗವಂತೂ ಬಾಲ್ಯದಿಂದ ಬಂದದ್ದು. “ರಾತ್ರಿ ಅದಕ್ಕ ಕುಡಿಸಿದ್ರ ನಂಗ ದೋಷ ಬರ್ತದೇನ್ರಿ?” ಎಂದು ಕೇಳಿದ್ದಳು. ಅಂದು ನನಗೆ ಉತ್ತರ ತೋಚಿರಲಿಲ್ಲ. ಈಗ ಹೇಳಬಲ್ಲೆ. ವ್ರತ ತೆಗೆದುಕೊಂಡವಳು ಆಕೆ, ಇಣಚಿಯಲ್ಲ. ನಮ್ಮ ಆಶ್ರಯದಲ್ಲಿರುವ ಪ್ರಾಣಿಗೆ ಹೊತ್ತಿಗೆ ಸರಿಯಾಗಿ ಅನ್ನಪಾನ ಕೊಡದಿರುವುದನ್ನು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಒಂದೆಂದು ಆಚಾರ್ಯರು ಎಣಿಸಿದ್ದಾರೆ.

ಅದೇ ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧ. ಪೂಜ್ಯಪಾದರು ತಮ್ಮ ವ್ಯಾಖ್ಯಾನದಲ್ಲಿ ಇದನ್ನು ಜೀವಿಯು ತಾನು ಬಯಸಿದ ಕಡೆಗೆ ಹೋಗದಂತೆ ತಡೆಯುವುದು ಎಂಬರ್ಥದಲ್ಲಿ ವಿವರಿಸುತ್ತಾರೆ. ಹಾಗಾದರೆ ನಮ್ಮ ರಟ್ಟಿನ ಪೆಟ್ಟಿಗೆಯೂ ಬಂಧವೇ. ಸೇಡಮ್ಮಿನ ಆಚೆ, ಹಿಂದೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ ನೇಮಿನಾಥ ಬಸದಿ ಇದೆ. ವಿವಾಹಕ್ಕೆ ಹೊರಟ ನೇಮಿಕುಮಾರನು ಊಟಕ್ಕೆಂದು ಕೂಡಿಹಾಕಿದ ಪ್ರಾಣಿಗಳ ಕೂಗನ್ನು ಕೇಳಿ ರಥವನ್ನು ಹಿಂದಿರುಗಿಸಿದ ಕಥೆಯನ್ನು ಆ ಬಸದಿಗೆ ಹೋದಾಗಲೆಲ್ಲ ನೆನೆಯುತ್ತೇವೆ. ನೇಮಿನಾಥನ ಭಕ್ತರು ಪ್ರಾಣಿಯೊಂದನ್ನು ಪೆಟ್ಟಿಗೆಯಲ್ಲಿಡಬಹುದೆ? ಗಾಯ ಮಾಯುವವರೆಗೆ ಇಡಬಹುದು; ಒಂದು ದಿನವೂ ಹೆಚ್ಚಿಗೆ ಇಡಬಾರದು ಎಂದು ನನ್ನ ಉತ್ತರ. ಅದರ ಅಗತ್ಯಕ್ಕಾಗಿ ಇಟ್ಟ ಪೆಟ್ಟಿಗೆ ಆಸ್ಪತ್ರೆ; ನಮ್ಮ ವಿನೋದಕ್ಕಾಗಿ ಇಟ್ಟ ಕ್ಷಣದಿಂದ ಅದು ಸೆರೆಮನೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಪೆಟ್ಟಿಗೆ. ಬದಲಾದದ್ದು ನಮ್ಮ ಮನಸ್ಸು. ಅದನ್ನು ಕಾಯಬೇಕಾದವರೂ ನಾವೇ.

ಮೊದಲ ರಾತ್ರಿ ಇಣಚಿಯ ಸ್ಥಿತಿ ಚೆನ್ನಾಗಿರಲಿಲ್ಲ. ನೆರೆಯ ಹಿರಿಯರೊಬ್ಬರು, “ಅದು ಉಳಿಯಂಗಿಲ್ರಿ, ಸುಮ್ಮ ಯಾಕ ಒದ್ದಾಡಿಸ್ತೀರಿ, ಮುಗಿಸಿಬಿಡ್ರಿ” ಎಂದರು. ಅವರ ಮಾತು ಕ್ರೂರತೆಯಿಂದ ಬಂದದ್ದಲ್ಲ. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಗುಣವಾಗುವ ಆಸೆಯಿಲ್ಲದೆ ನರಳುತ್ತಿದ್ದ ಕರುವೊಂದಕ್ಕೆ ಗಾಂಧೀಜಿ ಚುಚ್ಚುಮದ್ದಿನಿಂದ ಮರಣ ಕೊಡಿಸಿದರು. ಅದು ಅಹಿಂಸೆಯೇ ಎಂದು ಸಮರ್ಥಿಸಿಕೊಂಡರು. ವಿರೋಧಿಸಿದವರಲ್ಲಿ ಜೈನರೂ ಇದ್ದರು. ಅದಕ್ಕೂ ಸಾವಿರ ವರ್ಷ ಹಿಂದೆ ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ತರ್ಕವನ್ನು ಎತ್ತಿಕೊಂಡು, ದುಃಖದಿಂದ ಬಿಡಿಸುವ ನೆಪದಿಂದಲೂ ಜೀವಿಯನ್ನು ಕೊಲ್ಲಬಾರದೆಂದು ನಿರ್ಣಯಿಸಿದ್ದಾರೆ. ಗಾಂಧೀಜಿಯವರ ಸಂಕಟವನ್ನು ನಾನು ಹಗುರವಾಗಿ ಕಾಣಲಾರೆ. ಕರುವಿನ ಪಕ್ಕದಲ್ಲಿ ಕುಳಿತು ನೋಡಿದವರಿಗೆ ಮಾತ್ರ ಅದು ತಿಳಿದೀತು. ಆದರೂ ನಮ್ಮ ಇಣಚಿಯ ವಿಷಯದಲ್ಲಿ, ಅದರ ನರಳಾಟ ಮುಗಿಯಲಿ ಎಂಬ ಬಯಕೆಯೊಳಗೆ ನನ್ನ ಅಪರಾಧದ ಸಾಕ್ಷಿ ಕಣ್ಣಮುಂದಿನಿಂದ ತೊಲಗಲಿ ಎಂಬ ಬಯಕೆಯೂ ಬೆರೆತಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಆಚಾರ್ಯರ ನಿಷೇಧ ಇಂತಹ ಗಳಿಗೆಯಲ್ಲಿ ನಮ್ಮನ್ನು ನಮ್ಮಿಂದಲೇ ಕಾಪಾಡುತ್ತದೆ. ಕೊಲ್ಲದಿರುವುದೆಂದರೆ ಕೈಕಟ್ಟಿ ಕುಳಿತಿರುವುದೂ ಅಲ್ಲ. 1424ರಲ್ಲಿ ಭಾಸ್ಕರ ಕವಿ ಕನ್ನಡದಲ್ಲಿ ಹೇಳಿದ ಜೀವಂಧರನ ಕಥೆಯಲ್ಲಿ ರಾಜಕುಮಾರನು ಹೊಡೆತ ತಿಂದು ಸಾಯುತ್ತಿದ್ದ ನಾಯಿಯ ಬಳಿ ಕುಳಿತು, ಉಳಿಸಲಾಗದೆಂದು ಅರಿತು, ಅದರ ಕಿವಿಯಲ್ಲಿ ಪಂಚನಮಸ್ಕಾರವನ್ನು ಉಸುರುತ್ತಾನೆ. ನೋವು ಶಮನಕ್ಕೆ ವೈದ್ಯರಿಂದ ಆಗುವುದನ್ನೆಲ್ಲ ಮಾಡಿಸಿ, ಉಳಿದದ್ದಕ್ಕೆ ಬಳಿಯಲ್ಲಿ ಇರುವುದೇ ನಮ್ಮ ಪರಂಪರೆ ತೋರಿದ ದಾರಿ.

ಎರಡನೆಯ ದಿನ ಇಣಚಿ ಎದ್ದು ಕುಳಿತಿತು. ವೈದ್ಯರು ಬಂದು ಗಾಯ ತೊಳೆದು ಔಷಧ ಹಾಕಿದರು. ಒಂದು ತುಂಡು ಹಣ್ಣು, ನೆನೆಸಿದ ಕಾಳು, ಹುರಿಯದ ಶೇಂಗಾ ತಿಂದಿತು. ಆದರೆ ಕಿಟಕಿಯ ಹೊರಗೆ ಓಣಿಯ ಬೆಕ್ಕು ಬಂದು ಕುಳಿತಿತ್ತು. ಮೊಮ್ಮಗಳು ಬಡಿಗೆ ಹಿಡಿದು, “ಇದಕ್ಕ ಹೊಡದು ಓಡಸ್ತೀನಿ” ಎಂದು ಹೊರಟಳು. ಒಂದು ಜೀವದ ಮೇಲಿನ ದಯೆ ಇನ್ನೊಂದರ ಮೇಲಿನ ದ್ವೇಷವಾಗಿ ತಿರುಗಲು ಇಷ್ಟೇ ಹೊತ್ತು ಸಾಕು. ಹಿಂಸ್ರಪ್ರಾಣಿಯೊಂದನ್ನು ಕೊಂದರೆ ಅನೇಕ ಜೀವಗಳು ಉಳಿಯುತ್ತವೆ ಎಂಬ ವಾದವನ್ನೂ ಅಮೃತಚಂದ್ರರು ತಳ್ಳಿಹಾಕಿದ್ದಾರೆ. 1760ರಲ್ಲಿ ತೇರಾಪಂಥವನ್ನು ಸ್ಥಾಪಿಸಿದ ಆಚಾರ್ಯ ಭಿಕ್ಷುಗಳು ಮತ್ತೊಂದು ಹೆಜ್ಜೆ ಮುಂದೆ ಹೋಗಿ, ಬಲಾತ್ಕಾರದಿಂದ ಒಂದು ಪ್ರಾಣಿಯನ್ನು ಇನ್ನೊಂದರಿಂದ ಉಳಿಸುವುದು ಲೌಕಿಕ ದಯೆಯೇ ಹೊರತು ಆತ್ಮಧರ್ಮವಲ್ಲ ಎಂದು ವಿವೇಚಿಸಿದರು. ಎಲ್ಲರೂ ಇದನ್ನು ಒಪ್ಪಲಿಲ್ಲ. ನಾನೂ ಪೂರ್ಣವಾಗಿ ಒಪ್ಪಲಾರೆ. ಗೃಹಸ್ಥನಾದ ನನಗೆ ಲೌಕಿಕ ದಯೆಯೂ ಕರ್ತವ್ಯವೇ. ಆದರೆ ಅವರ ಎಚ್ಚರಿಕೆಯಲ್ಲಿ ಒಂದು ಸತ್ಯವಿದೆ: ಬೆಕ್ಕಿಗೂ ಜೀವವಿದೆ, ಅದಕ್ಕೆ ಅಣುವ್ರತದ ಬೋಧೆಯಾಗಿಲ್ಲ. ನಾವು ಕಿಟಕಿ ಮುಚ್ಚಿದೆವು. ಬೆಕ್ಕು ಸ್ವಲ್ಪ ಹೊತ್ತು ಕುಳಿತು ತಾನಾಗಿ ಹೋಯಿತು.

ಐದನೆಯ ದಿನ ಮುಂಜಾನೆ ಪೆಟ್ಟಿಗೆಯನ್ನು ಬೇವಿನ ಬುಡಕ್ಕೆ ಒಯ್ದೆವು. ಸಿಕ್ಕ ಜಾಗದಲ್ಲಿಯೇ ಬಿಡಬೇಕೆಂದು ವೈದ್ಯರು ಹೇಳಿದ್ದರು. ಅಪರಿಚಿತ ಜಾಗದಲ್ಲಿ ಅದಕ್ಕೆ ಗೂಡಿಲ್ಲ, ಆಹಾರದ ನೆಲೆ ತಿಳಿಯದು. ಮೊಮ್ಮಗಳು ಅದಕ್ಕೊಂದು ಹೆಸರಿಟ್ಟಿದ್ದಳು, ಸಾಕಿಕೊಳ್ಳೋಣವೆಂದು ಅತ್ತಳು. ಮುಚ್ಚಳ ತೆಗೆದಾಗ ಅದು ಕ್ಷಣಕಾಲ ಮೂಗು ಅಲುಗಿಸಿ, ಕುಂಟುತ್ತ ಕಾಂಡ ಹತ್ತಿ, ಎಲೆಗಳ ನಡುವೆ ಮರೆಯಾಯಿತು. ತಿರುಗಿ ನೋಡಲಿಲ್ಲ. “ಥ್ಯಾಂಕ್ಸ್ ಸುದ್ಧಾ ಹೇಳಲಿಲ್ಲ ನೋಡು” ಎಂದು ಮಗು ಮುನಿಸಿಕೊಂಡಿತು. ಮನುಷ್ಯರಿಗೆ ಕೊಟ್ಟ ದಾನಕ್ಕೆ ಫಲಕದ ಮೇಲೆ ಹೆಸರು ಬರುತ್ತದೆ, ಕನಿಷ್ಠ ಒಂದು ನಮಸ್ಕಾರ ಸಿಗುತ್ತದೆ. ಇಲ್ಲಿ ಏನೂ ಇಲ್ಲ. ಅದು ನಮ್ಮನ್ನು ಕಂಡು ಇನ್ನೂ ಅಂಜುತ್ತದೆ ಎಂಬುದೇ ಅದು ಕಾಡಿನ ಜೀವವಾಗಿ ಉಳಿದಿದೆ ಎಂಬುದಕ್ಕೆ ಗುರುತು. ಅದನ್ನು ಅದರ ಪಾಡಿಗೆ ಬಿಡುವುದೇ ಅಭಯದಾನದ ಕೊನೆಯ ಭಾಗ.

ಅದರ ಮೊದಲ ಭಾಗ ಮಾತ್ರ ಇನ್ನೂ ಉಳಿದಿತ್ತು. ಅಂಗಡಿಗೆ ಹಿಂದಿರುಗಿ ಉಳಿದ ಅಂಟಿನ ಹಲಗೆಗಳನ್ನು ಇನ್ನಾವ ಜೀವಕ್ಕೂ ಅಂಟದಂತೆ ಕಾಗದದಲ್ಲಿ ಸುತ್ತಿ ಕಟ್ಟಿ ತೆಗೆದುಹಾಕಿದೆ. ವ್ಯಾಪಾರದಲ್ಲಿ ಉದ್ಯೋಗಿ ಹಿಂಸೆ ಅನಿವಾರ್ಯ ಎಂದು ನಮ್ಮ ವ್ಯಾಪಾರಿ ಬಂಧುಗಳು ಹೇಳುವುದುಂಟು, ನಾನೂ ಹೇಳುತ್ತಿದ್ದೆ. ಆ ವಿನಾಯಿತಿ ಸಲ್ಲುವುದು ಯತ್ನಪಟ್ಟ ಮೇಲೂ ತಪ್ಪದ ಹಿಂಸೆಗೆ. ಬಾಗಿಲ ಸಂದಿಗೆ ತಗಡು ಹೊಡೆಸಿ, ಚೀಲಗಳನ್ನು ನೆಲದಿಂದ ಎತ್ತರಕ್ಕಿಟ್ಟು, ಚೆಲ್ಲಿದ ಕಾಳನ್ನು ಸಂಜೆಯೇ ಗುಡಿಸಿ, ಚಿಲ್ಲರೆ ಮಾಲನ್ನು ಮುಚ್ಚಳದ ಡಬ್ಬಿಗೆ ಹಾಕಿದ ಮೇಲೆ ಇಲಿಗಳ ಕಾಟ ಬಹಳ ಕಡಿಮೆಯಾಯಿತು. ಕೊಲ್ಲುವುದಿಲ್ಲವೆಂದು ನಾನು ನಂಬಿದ್ದ ಹಲಗೆ, ಹಸಿವು ಬಾಯಾರಿಕೆಗಳಿಂದ ಗಂಟೆಗಟ್ಟಲೆ ಕೊಲ್ಲುವ ಸಾಧನ. ಕೈಗೆ ರಕ್ತ ಅಂಟಲಿಲ್ಲ ಎಂಬುದನ್ನು ನಾನು ಅಹಿಂಸೆಯೆಂದು ತಿಳಿದಿದ್ದೆ.

ದೆಹಲಿಯ ಕೆಂಪುಕೋಟೆಯ ಎದುರಿನ ಲಾಲ್ ಮಂದಿರದಲ್ಲಿ ಜೈನ ಸಮಾಜ ನಡೆಸುವ ಪಕ್ಷಿಗಳ ಆಸ್ಪತ್ರೆ 1929ರಲ್ಲಿ ಆರಂಭವಾದದ್ದು. ಬೆಂಗಳೂರಿನ ಕೆಂಗೇರಿಯಲ್ಲಿ ಗಾಯಗೊಂಡ ವನ್ಯಜೀವಿಗಳ ಆಸ್ಪತ್ರೆ 1996ರಿಂದ ನಡೆಯುತ್ತಿದೆ. ಗುರುಮಠಕಲ್ಲಿಗೆ ಅವೆರಡೂ ದೂರ. ಇಣಚಿಯ ಪ್ರಾಣ ಅಷ್ಟು ದಾರಿ ಕಾಯದು. ಆದ್ದರಿಂದ ನಮ್ಮ ಬಸದಿಗಳ ಹಾಗೂ ಟ್ರಸ್ಟುಗಳ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಸಣ್ಣದು. ಊರಿನ ಪಶುವೈದ್ಯರ ಮತ್ತು ಅರಣ್ಯ ಇಲಾಖೆಯ ಕಚೇರಿಯ ಫೋನು ಸಂಖ್ಯೆಗಳನ್ನು ಬಸದಿಯ ಫಲಕದಲ್ಲಿ ಬರೆಯಿಸಿ. ಹೆಚ್ಚು ದಿನ ಆರೈಕೆ ಬೇಕಾದ ವನ್ಯಜೀವಿಯ ವಿಷಯವನ್ನು ಇಲಾಖೆಗೆ ತಿಳಿಸಬೇಕು, ಮನೆಯಲ್ಲಿ ಸಾಕಿಕೊಳ್ಳಬಾರದು. ಒಂದು ತೂತಿನ ಪೆಟ್ಟಿಗೆ, ಒಂದು ಹಳೆಯ ಬಟ್ಟೆ ಸಿದ್ಧವಿರಲಿ. ಹಿಡಿಯುವವರು ದಪ್ಪ ಬಟ್ಟೆ ಬಳಸಲಿ. ಕಚ್ಚಿದರೆ ಸಾಬೂನಿನಿಂದ ಚೆನ್ನಾಗಿ ತೊಳೆದು ವೈದ್ಯರಲ್ಲಿಗೆ ಹೋಗಲಿ. ತೆರೆದ ನೀರಿನ ತೊಟ್ಟಿಗಳಿಗೆ ಮುಚ್ಚಳವಿರಲಿ, ಇಲ್ಲವೆ ಬಿದ್ದ ಜೀವ ಹತ್ತಿ ಬರಲು ಒಂದು ಹಲಗೆ ಇಳಿಬಿಟ್ಟಿರಲಿ. ಮರದ ಕೊಂಬೆ ಕಡಿಸುವ ಮೊದಲು ಗೂಡುಗಳಿವೆಯೇ ಎಂದು ನೋಡಿ. ಪ್ರಾಣಿಗಳಲ್ಲಿ ಅನುಕಂಪೆ ನಾಗರಿಕರ ಕರ್ತವ್ಯವೆಂದು 1976ರಲ್ಲಿ ನಮ್ಮ ಸಂವಿಧಾನದಲ್ಲಿಯೂ ಸೇರಿತು. ನಮಗೆ ಅದು ಹೊಸ ಮಾತಲ್ಲವೆಂದು ಹೆಮ್ಮೆಪಡುತ್ತೇವೆ. ಆ ಹೆಮ್ಮೆಯನ್ನು ನಮ್ಮ ಗೋದಾಮಿನ ಕತ್ತಲೆಯ ಮೂಲೆಗಳಲ್ಲಿ ಒಮ್ಮೆ ಪರೀಕ್ಷಿಸಿ ನೋಡುವುದು ಒಳ್ಳೆಯದು.

ನಮ್ಮ ಹಿತ್ತಲಿನಲ್ಲಿ ಈಗಲೂ ಇಣಚಿಗಳಿವೆ. ಒಂದರ ಬಾಲದಲ್ಲಿ ರೋಮ ವಿರಳ. ಅದು ಅದೇ ಇರಬಹುದು, ಇಲ್ಲದಿರಲೂಬಹುದು. ನನ್ನ ಹೆಜ್ಜೆ ಸಪ್ಪಳ ಕೇಳಿದೊಡನೆ ಅದು ಮರ ಹತ್ತುತ್ತದೆ. ನಾನು ನಿಂತ ಕಡೆಯೇ ನಿಲ್ಲುತ್ತೇನೆ, ಅದು ಮತ್ತೆ ಇಳಿದು ತನ್ನ ಕಾಳು ಹೆಕ್ಕಿಕೊಳ್ಳಲಿ ಎಂದು.